ಕೋಟಿ ಬೆಲೆಯ ಹಳೆಯ ರೇಸ್ ಕಾರು ಓಡುವುದೆಲ್ಲಿ?

ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಮರ್ಸಿಡಿಸ್ ಬೆಂಜ್ ವಸ್ತುಸಂಗ್ರಹಾಲಯದಲ್ಲಿ 2025ರ ಫೆಬ್ರುವರಿ 1ರಂದು ಡಬ್ಲ್ಯು 196 ಆರ್ ಎಂಬ ಹಳೆಯ ರೇಸ್ ಕಾರೊಂದು ಹರಾಜಿಗೆ ಬಂತು. 5.1 ಕೋಟಿ ಯೂರೊಗೂ ಮಿಕ್ಕಿದ ಬೆಲೆಗೆ, ಅಂದರೆ ಅಂದಿನ ವಿನಿಮಯ ದರದಲ್ಲಿ ಸುಮಾರು 460 ಕೋಟಿ ರೂಪಾಯಿಗೆ, ಅದು ಮಾರಾಟವಾಯಿತು. ಗ್ರ್ಯಾನ್ ಪ್ರಿ ಕಾರೊಂದಕ್ಕೆ ಹರಾಜಿನಲ್ಲಿ ಅಷ್ಟು ಹಣ ಅದಕ್ಕೆ ಮೊದಲು ಎಂದೂ ದೊರೆತಿರಲಿಲ್ಲ. ಮಾರಿದ್ದು ಅಮೆರಿಕದ ಇಂಡಿಯಾನಾಪೊಲಿಸ್ ಮೋಟಾರು ರೇಸ್ ವಸ್ತುಸಂಗ್ರಹಾಲಯ. ಅದಕ್ಕೆ ಆ ಕಾರು 1965ರಲ್ಲಿ ತಯಾರಕರಿಂದಲೇ ಕೊಡುಗೆಯಾಗಿ ಬಂದಿತ್ತು.

ಈ ಕಾರಿನ ಚರಿತ್ರೆಯಲ್ಲೊಂದು ಸ್ವಾರಸ್ಯವಿದೆ. 1955ರ ಜನವರಿಯಲ್ಲಿ ಬ್ಯೂನಸ್ ಐರಿಸ್‌ನ ಸ್ಪರ್ಧೆಯನ್ನು ಹುವಾನ್ ಮ್ಯಾನುಯೆಲ್ ಫ್ಯಾಂಜಿಯೊ ಇದರಲ್ಲಿ ಗೆದ್ದಾಗ ನಾಲ್ಕೂ ಚಕ್ರಗಳು ಹೊದಿಕೆಯಿಲ್ಲದೆ ಹೊರಗೆ ಕಾಣುತ್ತಿದ್ದವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಇಟಲಿಯ ಮೊಂಜಾ ಟ್ರ್ಯಾಕಿನಲ್ಲಿ ಸ್ಟರ್ಲಿಂಗ್ ಮಾಸ್ ಇದನ್ನು ಓಡಿಸಿ ಅತಿವೇಗದ ಸುತ್ತು ದಾಖಲಿಸಿದಾಗ ಚಕ್ರಗಳನ್ನೂ ಮುಚ್ಚುವ, ಗಾಳಿಯನ್ನು ಸೀಳುವ ಬೇರೊಂದು ಕವಚ ಅದರ ಮೈಮೇಲಿತ್ತು. ಎರಡು ಸ್ಪರ್ಧೆಗಳ ನಡುವೆ ಹೊರಮೈ ಬದಲಾಗಿತ್ತು. ಚಾಸಿ ಒಂದೇ ಆಗಿತ್ತು. 460 ಕೋಟಿ ಕೊಟ್ಟವರು ಕೊಂಡದ್ದು ಲೋಹವನ್ನೋ, ಚಾಸಿಯ ಮೇಲೆ ಕೆತ್ತಿದ ಸಂಖ್ಯೆಯನ್ನೋ, ಫ್ಯಾಂಜಿಯೊ ಕುಳಿತ ಆಸನದ ನೆನಪನ್ನೋ? ಹಳೆಯ ರೇಸ್ ಕಾರುಗಳ ಸಂಗ್ರಹ ಮತ್ತು ಅವುಗಳನ್ನು ಮತ್ತೆ ಟ್ರ್ಯಾಕಿಗಿಳಿಸುವ ಐತಿಹಾಸಿಕ ರೇಸಿಂಗ್ ಎಂಬ ಕ್ರೀಡೆ ಇಂದು ಎದುರಿಸುತ್ತಿರುವ ಇಕ್ಕಟ್ಟೆಲ್ಲ ಈ ಪ್ರಶ್ನೆಯಲ್ಲಿದೆ.

ಸ್ಟುಟ್‌ಗಾರ್ಟ್‌ನ ಮಾರಾಟ ಒಂಟಿ ಘಟನೆಯಲ್ಲ. ಇದೇ ಮಾದರಿಯ ಇನ್ನೊಂದು ಕಾರು, ಫ್ಯಾಂಜಿಯೊ 1954ರಲ್ಲಿ ಜರ್ಮನ್ ಮತ್ತು ಸ್ವಿಸ್ ಗ್ರ್ಯಾನ್ ಪ್ರಿಗಳನ್ನು ಗೆದ್ದದ್ದು, 2013ರ ಜುಲೈನಲ್ಲಿ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ 1.96 ಕೋಟಿ ಪೌಂಡಿಗೆ ಹೋದಾಗ ಜಗತ್ತು ಹುಬ್ಬೇರಿಸಿತ್ತು. ಮೈಕೆಲ್ ಷೂಮಾಕರ್ 2001ರಲ್ಲಿ ಮೊನಾಕೊ ಮತ್ತು ಹಂಗರಿಯಲ್ಲಿ ಗೆದ್ದ ಫೆರಾರಿ ಎಫ್‌2001 ಕಾರು 2017ರಲ್ಲಿ ನ್ಯೂಯಾರ್ಕಿನಲ್ಲಿ 75 ಲಕ್ಷ ಡಾಲರಿಗೆ ಮಾರಾಟವಾಯಿತು. ಅದನ್ನು ಹರಾಜಿಗಿಟ್ಟದ್ದು ಕಾರುಗಳ ಸಾಲಿನಲ್ಲಲ್ಲ, ಸಮಕಾಲೀನ ಕಲಾಕೃತಿಗಳ ನಡುವೆ. ಎಂಟು ವರ್ಷ ತುಂಬುವುದರೊಳಗೆ, 2025ರ ಮೇ ತಿಂಗಳಲ್ಲಿ, ಅದೇ ಕಾರಿಗೆ ಮೊನಾಕೊದಲ್ಲಿ ಸುಮಾರು 1.6 ಕೋಟಿ ಯೂರೊ ಬಂತು. ಫಾರ್ಮುಲಾ ಒನ್‌ನ ಆಡಳಿತವನ್ನು ದಶಕಗಳ ಕಾಲ ಮುಷ್ಟಿಯಲ್ಲಿಟ್ಟುಕೊಂಡಿದ್ದ ಬರ್ನಿ ಎಕ್ಲೆಸ್ಟನ್ ತಮ್ಮ 69 ಕಾರುಗಳ ಸಂಗ್ರಹವನ್ನು ಅದೇ ವರ್ಷ ರೆಡ್‌ಬುಲ್ ಸಂಸ್ಥಾಪಕರ ಪುತ್ರ ಮಾರ್ಕ್ ಮಾಟೆಶಿಟ್ಸ್ ಅವರಿಗೆ ಇಡಿಯಾಗಿ ಮಾರಿದರು. ಜನರಿಗೆ ಮುಂದೊಂದು ದಿನ ಅವನ್ನು ನೋಡುವ ಅವಕಾಶ ಮಾಡಿಕೊಡುವ ಇಂಗಿತ ಹೊಸ ಒಡೆಯರಿಗಿದೆ ಎಂದು ಆಗ ಹೇಳಲಾಯಿತು.

ಇಂದು ಈ ಕಾರುಗಳು ಕಲಾಕೃತಿಗಳ ಸಾಲಿಗೆ ಸೇರಿರುವುದನ್ನು ನೋಡಿದವರಿಗೆ, ಒಂದು ಕಾಲಕ್ಕೆ ಇವುಗಳಿಗೆ ಗುಜರಿಯ ಬೆಲೆಯೂ ಇರಲಿಲ್ಲ ಎಂದರೆ ನಂಬಿಕೆ ಬರಲಿಕ್ಕಿಲ್ಲ. ರೇಸ್ ಕಾರಿನ ಆಯುಸ್ಸು ಒಂದು ಋತು, ಹೆಚ್ಚೆಂದರೆ ಎರಡು. ಮರುವರ್ಷ ನಿಯಮ ಬದಲಾಗುತ್ತದೆ, ಎದುರಾಳಿ ಇನ್ನೂ ಹಗುರವಾದ ಕಾರು ತರುತ್ತಾನೆ. ಚಕ್ರಗಳ ಮೇಲೆ ಮಡ್‌ಗಾರ್ಡ್ ಇಲ್ಲದ, ಒಬ್ಬನಷ್ಟೇ ಕೂರಬಹುದಾದ, ದೀಪವಿಲ್ಲದ, ರಸ್ತೆಗಿಳಿಸಲಾಗದ ವಾಹನವನ್ನು ಇಟ್ಟುಕೊಂಡು ಮಾಡುವುದೇನು? ತಂಡಗಳು ಅವನ್ನು ಬಿಚ್ಚಿ ಬಿಡಿಭಾಗಗಳನ್ನು ಹೊಸ ಕಾರಿಗೆ ಬಳಸಿದವು. ಕೆಲವನ್ನು ಗುಡ್ಡ ಹತ್ತುವ ಸ್ಪರ್ಧೆಗಳ ಹವ್ಯಾಸಿಗಳಿಗೆ ಮಾರಿದವು. ಇನ್ನು ಕೆಲವನ್ನು ಹಡಗು ಹತ್ತಿಸಿ ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಿಗೆ ಸಾಗಿಸಿದವು. ನಮ್ಮ ಮದರಾಸಿನ ಷೋಲಾವರಂ ವಿಮಾನಪಟ್ಟಿಗೂ ಅಂತಹ ಕೆಲವು ಕಾರುಗಳು ಬಂದವು; ಆ ಮಾತಿಗೆ ಮುಂದೆ ಬರೋಣ.

ಹೀಗೆ ಎಸೆದದ್ದನ್ನು ಎತ್ತಿಕೊಂಡವರು ಹವ್ಯಾಸಿಗಳು. ಬ್ರಿಟನ್ನಿನಲ್ಲಿ 1934ರಲ್ಲೇ ಹುಟ್ಟಿದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬನ್ನು ಕಟ್ಟಿದವರು ಭಾರೀ ಶ್ರೀಮಂತರೇನೂ ಆಗಿರಲಿಲ್ಲ. ಹೊಸ ಕಾರುಗಳಿಗಿಂತ ಹಳೆಯವೇ ಮೇಲು ಎಂಬ ಹಟ, ಎಣ್ಣೆಗೈಯಾಗಲು ಹೇಸದ ಮನಸ್ಸು ಇವೇ ಅವರ ಬಂಡವಾಳ. ರಜೆಯ ದಿನ ಶೆಡ್ಡಿನಲ್ಲಿ ಎಂಜಿನ್ ಬಿಚ್ಚಿ ಜೋಡಿಸಿ, ಭಾನುವಾರ ರೇಸಿಗೆ ಹೋಗಿ, ಸೋಮವಾರ ಕಚೇರಿಗೆ ಹೋಗುತ್ತಿದ್ದವರ ಆಟ ಅದು. 1966ರಲ್ಲಿ ರೇಸುಗಳು ನಿಂತಿದ್ದ ಗುಡ್‌ವುಡ್ ಟ್ರ್ಯಾಕು 1998ರಲ್ಲಿ ಹಳೆಯ ಕಾರುಗಳಿಗಾಗಿಯೇ ಮತ್ತೆ ತೆರೆಯಿತು. ಮೊನಾಕೊ ತನ್ನ ಬೀದಿಗಳಲ್ಲಿ 1997ರಲ್ಲಿ ಐತಿಹಾಸಿಕ ಗ್ರ್ಯಾನ್ ಪ್ರಿ ಆರಂಭಿಸಿತು. ಜನ ಮುಗಿಬಿದ್ದರು. ಯಾವ ಕಾರಿಗೆ ಯಾವ ಸ್ಪರ್ಧೆಗೆ ಪ್ರವೇಶ ದೊರೆಯುತ್ತದೆ ಎಂಬುದೇ ಅದರ ಬೆಲೆ ನಿರ್ಧರಿಸತೊಡಗಿತು. ಮೊನಾಕೊಗೆ ಆಹ್ವಾನ ಗಳಿಸಬಲ್ಲ ಕಾರಿಗೆ ಒಂದು ದರ, ಗಳಿಸಲಾರದ್ದಕ್ಕೆ ಇನ್ನೊಂದು ದರ.

ಬೆಲೆ ಏರಿದಲ್ಲಿ ಸಂಶಯವೂ ಏರುತ್ತದೆ. ರೇಸ್ ಕಾರಿನ ಗುರುತು ಹಚ್ಚುವುದು ನಾವು ಬಳಸಿದ ಮಾರುತಿ ಕೊಳ್ಳುವಾಗ ಆರ್‌ಸಿ ಪುಸ್ತಕ ನೋಡಿದಷ್ಟು ಸರಳವಲ್ಲ. ಅಪಘಾತವಾದ ಕಾರಿನ ಚಾಸಿಯನ್ನು ಎಸೆದು ಹೊಸದನ್ನು ಹಾಕಿದಾಗ ಹಳೆಯ ಸಂಖ್ಯೆಯನ್ನೇ ಅದಕ್ಕೆ ಕೊಡುವುದು ತಂಡಗಳಲ್ಲಿ ರೂಢಿಯಾಗಿತ್ತು. ಗಡಿ ದಾಟುವಾಗ ಸುಂಕದ ಕಾಗದದಲ್ಲಿ ಬರೆದಿದ್ದ ಸಂಖ್ಯೆಗೆ ಹೊಂದುವಂತೆ ಚಾಸಿಯ ತಗಡನ್ನೇ ಬದಲಿಸುತ್ತಿದ್ದುದೂ ಉಂಟು. ವಂಚಿಸುವ ಉದ್ದೇಶ ಅವರಿಗಿರಲಿಲ್ಲ. ಮುಂದಿನ ಭಾನುವಾರದ ರೇಸಿಗೆ ತಲುಪಬೇಕಿತ್ತು, ಅಷ್ಟೇ. ಐವತ್ತು ವರ್ಷಗಳ ಬಳಿಕ ಈ ತಗಡಿನ ತುಂಡಿಗೆ ಕೋಟಿ ಬೆಲೆ ಬರುವುದೆಂದು ಆ ಮೆಕ್ಯಾನಿಕ್‌ಗಳು ಕನಸು ಕಂಡಿರಲಾರರು. ಒಂದು ಚಾಸಿ ಸಂಖ್ಯೆಗೆ ಇಬ್ಬರು ವಾರಸುದಾರರು ಹುಟ್ಟಿಕೊಂಡು, ಒಬ್ಬನ ಬಳಿ ಮೂಲ ಚಾಸಿ, ಇನ್ನೊಬ್ಬನ ಬಳಿ ಮೂಲ ಎಂಜಿನ್ ಇರುವ ವ್ಯಾಜ್ಯಗಳು ಈ ವಲಯದಲ್ಲಿ ಹೊಸತಲ್ಲ.

2007ರಲ್ಲಿ ಹೀಗೊಂದು ಪ್ರಕರಣ ನಡೆಯಿತು. ಎರಡನೆಯ ಮಹಾಯುದ್ಧಕ್ಕೆ ಮೊದಲು ಜರ್ಮನಿಯ ಆಟೊ ಯೂನಿಯನ್ ಕಂಪನಿ ತಯಾರಿಸಿದ ಗ್ರ್ಯಾನ್ ಪ್ರಿ ಕಾರುಗಳನ್ನು ಯುದ್ಧಾನಂತರ ಸೋವಿಯತ್ ಸೇನೆ ತನ್ನ ದೇಶಕ್ಕೆ ಸಾಗಿಸಿತ್ತು. ಹೆಚ್ಚಿನವು ಅಲ್ಲಿಯೇ ಅಳಿದವು. ಅಳಿದುಳಿದ ಭಾಗಗಳಿಂದ ಮರಳಿ ಜೀವ ಪಡೆದ ಟೈಪ್ ಡಿ ಕಾರೊಂದನ್ನು ಕ್ರಿಸ್ಟೀಸ್ ಸಂಸ್ಥೆ ಪ್ಯಾರಿಸಿನಲ್ಲಿ ಹರಾಜಿಗಿಡಲು ಸಿದ್ಧವಾಗಿತ್ತು. ದಾಖಲೆ ಬೆಲೆಯ ನಿರೀಕ್ಷೆಯಿತ್ತು. ಆದರೆ ಆ ಚಾಸಿ ಯಾವ ಯಾವ ಸ್ಪರ್ಧೆಗಳಲ್ಲಿ ಓಡಿತ್ತೆಂಬುದರ ಬಗ್ಗೆ ಇತಿಹಾಸಕಾರರು ಅನುಮಾನ ಎತ್ತಿದ್ದರಿಂದ ಕಾರನ್ನು ಹಿಂತೆಗೆದುಕೊಳ್ಳಬೇಕಾಯಿತು. ಕಾರು ಖೋಟಾ ಎಂದು ಯಾರೂ ಹೇಳಲಿಲ್ಲ. ಅದು ಆಟೊ ಯೂನಿಯನ್ ಕಾರೇ ಹೌದು. ಯಾವ ಆಟೊ ಯೂನಿಯನ್ ಎಂಬುದಷ್ಟೇ ಪ್ರಶ್ನೆ. ಕೊಳ್ಳುವವರಿಗೆ ಬೇಕಿದ್ದುದು ಆ ಉತ್ತರವೇ.

ಇಂಥ ಪ್ರಶ್ನೆ ನ್ಯಾಯಾಲಯದ ಕಟ್ಟೆಯನ್ನೂ ಹತ್ತಿದೆ. 1929 ಮತ್ತು 1930ರಲ್ಲಿ ಲೆ ಮಾನ್ ರೇಸನ್ನು ಗೆದ್ದ 'ಓಲ್ಡ್ ನಂಬರ್ ಒನ್' ಎಂಬ ಬೆಂಟ್ಲಿ ಕಾರನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ್ದ ಕಂಪನಿ, ಇದರಲ್ಲಿ ಮೂಲ ಭಾಗಗಳೇ ಉಳಿದಿಲ್ಲವೆಂದು ಹಿಂದೆ ಸರಿಯಿತು. 1990ರಲ್ಲಿ ಲಂಡನ್ನಿನ ನ್ಯಾಯಮೂರ್ತಿ ಆಟನ್ ಕೊಟ್ಟ ತೀರ್ಪು ಈ ವಲಯದಲ್ಲಿ ಇಂದಿಗೂ ಚರ್ಚೆಗೊಳಗಾಗುತ್ತದೆ. ಭಾಗಗಳು ಒಂದೊಂದಾಗಿ ಬದಲಾದವು ನಿಜ. ಆದರೆ ಕಾರಿನ ಬದುಕಿನ ಎಳೆ ಎಲ್ಲಿಯೂ ತುಂಡಾಗಲಿಲ್ಲ. ಆದ್ದರಿಂದ ಅದನ್ನು ಆ ಹೆಸರಿನಿಂದ ಕರೆಯುವುದು ಸರಿ ಎಂಬುದು ಅದರ ಸಾರ. ಬೆಂಟ್ಲಿ ತೆರೆದ ಚಕ್ರಗಳ ಏಕಾಸನ ಕಾರಲ್ಲ, ಆದರೂ ತೀರ್ಪಿನ ತರ್ಕ ಎಲ್ಲ ರೇಸ್ ಕಾರುಗಳಿಗೂ ಸಲ್ಲುತ್ತದೆ. ನಮ್ಮವರಿಗೆ ಇದನ್ನು ಅರ್ಥ ಮಾಡಿಕೊಳ್ಳಲು ಲಂಡನ್ನಿನ ತೀರ್ಪು ಬೇಕಿಲ್ಲ. ಊರ ತೇರಿನ ಗಾಲಿ ಸವೆದರೆ ಹೊಸ ಗಾಲಿ ಹಾಕುತ್ತೇವೆ, ಅಚ್ಚು ಮುರಿದರೆ ಬೇರೆ ಅಚ್ಚು. ಅಜ್ಜನ ಕಾಲದ ಮರ ಅದರಲ್ಲಿ ಎಷ್ಟು ಉಳಿದಿದೆಯೆಂದು ಯಾರೂ ಅಳೆಯುವುದಿಲ್ಲ. ಪ್ರತಿವರ್ಷ ಎಳೆಯುತ್ತೇವೆ, ಹಾಗಾಗಿ ಅದು ಅದೇ ತೇರು.

ಅಂತರರಾಷ್ಟ್ರೀಯ ಆಟೊಮೊಬೈಲ್ ಒಕ್ಕೂಟ (ಎಫ್‌ಐಎ) ಹಳೆಯ ಕಾರುಗಳಿಗೆ ತಾಂತ್ರಿಕ ಪಾಸ್‌ಪೋರ್ಟ್ ನೀಡುತ್ತದೆ. ಆ ಕಾಲದ ನಿಯಮ, ಅಳತೆ, ಬಿಡಿಭಾಗಗಳಿಗೆ ಕಾರು ಹೊಂದುತ್ತದೆಯೇ ಎಂಬುದನ್ನಷ್ಟೇ ಅದು ಹೇಳುತ್ತದೆ. ಆ ಕಾರಿನಲ್ಲಿ ಯಾರು ಕುಳಿತಿದ್ದರು, ಎಲ್ಲಿ ಗೆದ್ದಿದ್ದರು ಎಂಬುದಕ್ಕೆ ಅದು ಸಾಕ್ಷಿಪತ್ರವಲ್ಲ. ಮೊದಲ ಬಾರಿಗೆ ಕೊಳ್ಳಲು ಹೊರಟವರು ಈ ವ್ಯತ್ಯಾಸ ತಿಳಿಯದೆ ಕೈಸುಟ್ಟುಕೊಳ್ಳುವ ಅಪಾಯ ಕಡಿಮೆಯೇನಲ್ಲ. ಹಳೆಯ ಛಾಯಾಚಿತ್ರದಲ್ಲಿ ಕಾಣುವ ಬೆಸುಗೆಯ ಗುರುತು, ಮೆಕ್ಯಾನಿಕ್‌ನ ಟಿಪ್ಪಣಿ ಪುಸ್ತಕ, ಕೈಬದಲಾದಾಗಿನ ರಸೀದಿ ಇವು ಎಂಜಿನ್ನಿನಷ್ಟೇ ಮುಖ್ಯ. ಈ ನಡುವೆ ಹೊಸದಾಗಿಯೇ 'ಹಳೆಯ' ಕಾರು ಕಟ್ಟುವ ಉದ್ಯಮವೂ ಬೆಳೆದಿದೆ. 1958ರಲ್ಲಿ ಮೊತ್ತಮೊದಲ ತಯಾರಕರ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ವ್ಯಾನ್‌ವಾಲ್‌ನ ಹೆಸರಿನಲ್ಲಿ ಅದೇ ನಕ್ಷೆಯ ಆರು ಕಾರುಗಳನ್ನು ಕಟ್ಟುವುದಾಗಿ 2020ರಲ್ಲಿ ಪ್ರಕಟವಾಯಿತು. ಒಂದೊಂದರ ಬೆಲೆ ತೆರಿಗೆ ಬಿಟ್ಟು 16.5 ಲಕ್ಷ ಪೌಂಡು. ಮೂಗು ಮುರಿಯುವವರು ಬೇಕಾದಷ್ಟಿದ್ದಾರೆ. ಹೊಸದನ್ನು ಹೊಸದೆಂದೇ ಹೇಳಿ ಮಾರುವುದರಲ್ಲಿ ನನಗೆ ದೋಷ ಕಾಣುವುದಿಲ್ಲ. ಹೊಸ ಚಾಸಿಗೆ ಹಳೆಯ ಸಂಖ್ಯೆಯ ತಗಡು ಹೊಡೆದು ಮೌನವಾಗಿರುವುದಕ್ಕಿಂತ ಇದು ಎಷ್ಟೋ ವಾಸಿ.

ಕೊಂಡ ಮೇಲಿನ ಖರ್ಚು ಬೇರೆ. 1970ರ ದಶಕದ ಫಾರ್ಮುಲಾ ಒನ್ ಕಾರುಗಳು ಇಂದಿಗೂ ದೊಡ್ಡ ಸಂಖ್ಯೆಯಲ್ಲಿ ಟ್ರ್ಯಾಕಿನಲ್ಲಿರುವುದಕ್ಕೆ ಕಾರಣ ಒಂದು ಎಂಜಿನ್. ಫೋರ್ಡ್ ಹಣ ಹೂಡಿ ಕಾಸ್‌ವರ್ತ್ ಕಟ್ಟಿದ ಮೂರು ಲೀಟರಿನ ಡಿಎಫ್‌ವಿ, 1967ರಲ್ಲಿ ಹಾಲೆಂಡಿನ ಜಾಂಡ್‌ವೂರ್ಟ್‌ನಲ್ಲಿ ಮೊದಲ ಸ್ಪರ್ಧೆಯಲ್ಲೇ ಜಿಮ್ ಕ್ಲಾರ್ಕ್ ಕೈಯಲ್ಲಿ ಗೆದ್ದಿತು. ಆಮೇಲೆ ಹಣ ಕೊಟ್ಟ ತಂಡಕ್ಕೆಲ್ಲ ಅದು ಸಿಗುತ್ತಿತ್ತು. ತಾನೇ ಚಾಸಿ ಕಟ್ಟಿ ಈ ಎಂಜಿನ್ ಜೋಡಿಸಿದರೆ ಸಣ್ಣ ತಂಡವೂ ಫೆರಾರಿಯನ್ನು ಎದುರಿಸಬಹುದಾಗಿತ್ತು. ಅದರ ಬಿಡಿಭಾಗಗಳು ಈಗಲೂ ತಯಾರಾಗುತ್ತವೆ, ಅದನ್ನು ಬಲ್ಲ ಮೆಕ್ಯಾನಿಕ್‌ಗಳು ಈಗಲೂ ಇದ್ದಾರೆ. ಹಾಗೆಂದು ಅಗ್ಗವೇನಲ್ಲ, ಇಂತಿಷ್ಟು ಗಂಟೆ ಓಡಿದ ಮೇಲೆ ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟಿಸಬೇಕು, ಒಂದು ಸಲಕ್ಕೆ ಹತ್ತಾರು ಸಾವಿರ ಪೌಂಡು ಬೇಕು. ಮೆಗ್ನೀಸಿಯಂ ಎರಕದ ಭಾಗಗಳು ವಯಸ್ಸಾದಂತೆ ಸೀಳು ಬಿಡುತ್ತವೆ. 1990ರ ದಶಕದಿಂದೀಚಿನ ಕಾರುಗಳ ಪಾಡು ಇನ್ನೂ ಕಷ್ಟ. ಎಂಜಿನ್ನಿಗೆ ಮೊದಲು ಬಿಸಿ ಎಣ್ಣೆ ಮತ್ತು ಬಿಸಿ ನೀರು ಹರಿಸಬೇಕು, ಅದರ ಕಾಲದ ಕಂಪ್ಯೂಟರ್ ಮತ್ತು ತಂತ್ರಾಂಶ ಸಿಕ್ಕರಷ್ಟೇ ಅದು ಚಾಲೂ ಆಗುತ್ತದೆ. ಈ ಕಷ್ಟಗಳ ನಡುವೆಯೂ ಓಡಿಸುವವರಿದ್ದಾರೆ. ಸೆಬಾಸ್ಟಿಯನ್ ವೆಟ್ಟೆಲ್ ತಾವು ಕೊಂಡ, ನೈಜೆಲ್ ಮ್ಯಾನ್ಸೆಲ್ 1992ರಲ್ಲಿ ಓಡಿಸಿದ್ದ ವಿಲಿಯಮ್ಸ್ ಕಾರನ್ನು 2022ರ ಬ್ರಿಟಿಷ್ ಗ್ರ್ಯಾನ್ ಪ್ರಿ ಸಂದರ್ಭದಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಪರಿಸರಸ್ನೇಹಿ ಇಂಧನದಿಂದ ಓಡಿಸಿ ತೋರಿಸಿದರು.

ಓಡಿಸಿದರೆ ಒಡೆಯುತ್ತದೆ. ಮೊನಾಕೊದ 2021ರ ಐತಿಹಾಸಿಕ ಗ್ರ್ಯಾನ್ ಪ್ರಿಯಲ್ಲಿ ಮುಂಚೂಣಿಯಲ್ಲಿದ್ದ ಜೀನ್ ಅಲೆಸಿ ಅವರ 1974ರ ಫೆರಾರಿ 312 ಬಿ3 ಕಾರಿಗೆ ಹಿಂದಿನಿಂದ ಬಂದ ಲೋಟಸ್ ತಾಗಿ, ಕಾರು ತಡೆಗೋಡೆಗೆ ಅಪ್ಪಳಿಸಿತು. ಮರುವರ್ಷ ಅದೇ ಊರಿನಲ್ಲಿ, ಅದೇ ಮಾದರಿಯ ಕಾರನ್ನು ಪ್ರದರ್ಶನಕ್ಕಾಗಿ ಓಡಿಸುತ್ತಿದ್ದ ಚಾರ್ಲ್ಸ್ ಲಕ್ಲೇರ್ ಬ್ರೇಕು ಕೈಕೊಟ್ಟು ರಾಸ್ಕಾಸ್ ತಿರುವಿನಲ್ಲಿ ಗೋಡೆಗೆ ಗುದ್ದಿದರು. ಇವರಿಬ್ಬರೂ ಪಾರಾದರು. 2014ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಲೋಟಸ್ 18 ಓಡಿಸುತ್ತಿದ್ದವರೂ 2017ರಲ್ಲಿ ಜಾಂಡ್‌ವೂರ್ಟ್‌ನಲ್ಲಿ 1970ರ ಮಾರ್ಚ್ ಕಾರು ಓಡಿಸುತ್ತಿದ್ದವರೂ ಅಪಘಾತಕ್ಕೀಡಾಗಿ ಜೀವ ತೆತ್ತರು. ಆ ಕಾಲದ ಕಾರುಗಳು ಆ ಕಾಲದ ಅಪಾಯವನ್ನೂ ಹೊತ್ತು ತರುತ್ತವೆ ಎಂಬುದನ್ನು ಗ್ಯಾಲರಿಯಲ್ಲಿ ಕುಳಿತು ಚಪ್ಪಾಳೆ ಹೊಡೆಯುವ ನಾವು ಮರೆಯುತ್ತೇವೆ.

ಹೀಗಿರುವಾಗ ನೂರಾರು ಕೋಟಿ ಕೊಟ್ಟು ಕೊಂಡವನು ಕಾರನ್ನು ರೇಸಿಗೆ ಇಳಿಸಲು ಹಿಂಜರಿದರೆ ಅವನನ್ನು ದೂರುವುದು ಹೇಗೆ? ಓಡಿದ ಚರಿತ್ರೆಯಿಂದಲೇ ಕಾರಿಗೆ ಬೆಲೆ ಬಂತು. ಆ ಬೆಲೆಯೇ ಈಗ ಅದನ್ನು ಓಡದಂತೆ ಮಾಡುತ್ತಿದೆ. ಹವಾನಿಯಂತ್ರಿತ ಗೋದಾಮಿನಲ್ಲಿ ಬೀಗ ಹಾಕಿಸಿಕೊಂಡ ಕಾರಿನಿಂದ ಎರಡು ನಷ್ಟಗಳಿವೆ. ನೋಡುವವರು ಅದನ್ನು ಕಳೆದುಕೊಳ್ಳುತ್ತಾರೆ. ಅದನ್ನು ರಿಪೇರಿ ಮಾಡಬಲ್ಲ ಕೈಗಳೂ ಕಡಿಮೆಯಾಗುತ್ತವೆ, ಏಕೆಂದರೆ ಕೆಲಸವಿಲ್ಲದೆಡೆ ಕುಶಲಕರ್ಮಿ ಉಳಿಯುವುದಿಲ್ಲ. ಎರಡನೆಯ ನಷ್ಟವೇ ದೊಡ್ಡದು. ಅಲ್ಯೂಮಿನಿಯಂ ತಗಡನ್ನು ಕೈಯಲ್ಲೇ ಬಡಿದು ಕಾರಿನ ಮೂತಿ ರೂಪಿಸುವ ಕಸುಬುದಾರ ಇಲ್ಲವಾದ ಮೇಲೆ ಹಣವೆಷ್ಟಿದ್ದರೂ ಪ್ರಯೋಜನವಿಲ್ಲ.

ಈ ಕ್ರೀಡೆಯ ಜೀವ ಈಗ ಉಳಿದಿರುವುದು ಮೇಲಿನ ಅಂತಸ್ತಿನಲ್ಲಲ್ಲ, ಕೆಳಗಿನದರಲ್ಲಿ. ಇಟಲಿಯ ಕೌಂಟ್ ಲುರಾನಿ ಅವರ ಯೋಚನೆಯಿಂದ ಹುಟ್ಟಿ 1958ರಿಂದ 1963ರವರೆಗೆ ನಡೆದ ಫಾರ್ಮುಲಾ ಜೂನಿಯರ್, 1967ರಲ್ಲಿ ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಆರಂಭವಾದ ಫಾರ್ಮುಲಾ ಫೋರ್ಡ್ ಇವೆರಡೂ ಸಾಮಾನ್ಯ ಕಾರುಗಳ ಎಂಜಿನ್ ಬಳಸಿ, ಹೊಸಬರಿಗೆಂದು ರೂಪುಗೊಂಡ ವರ್ಗಗಳು. ಫಾರ್ಮುಲಾ ಫೋರ್ಡ್‌ನ 1.6 ಲೀಟರ್ ಎಂಜಿನ್ನು ಮನೆಮನೆಯ ಫೋರ್ಡ್ ಕಾರಿನಲ್ಲಿದ್ದುದೇ. ರೆಕ್ಕೆಗಳಿಲ್ಲ, ಟೈರು ಅಗಲವಿಲ್ಲ. ಇಂಥ ಹಳೆಯ ಕಾರನ್ನು ಈಗಲೂ ಮಧ್ಯಮ ವರ್ಗದ ಯೂರೋಪಿಯನ್ನನೊಬ್ಬ ಒಳ್ಳೆಯ ಹೊಸ ಕುಟುಂಬ ಕಾರಿನ ಆಸುಪಾಸಿನ ಬೆಲೆಗೆ ಕೊಂಡು, ಸ್ಪ್ಯಾನರು ತಾನೇ ಹಿಡಿದು ರೇಸಿಗಿಳಿಯಬಹುದು. ಗೋಡೆಗೆ ಗುದ್ದಿದರೂ ಮನೆ ಮುಳುಗುವುದಿಲ್ಲ. ಹಾಗಾಗಿ ಅಲ್ಲಿ ಸಾಲುಗಟ್ಟಿ ಕಾರುಗಳು ಬರುತ್ತವೆ, ಸೆಣಸಾಟವೂ ನಿಜವಾದದ್ದು.

ಈ ಮಾತು ನಮಗೂ ತಾಗುತ್ತದೆ. ಯುದ್ಧಕಾಲದ ಷೋಲಾವರಂ ವಿಮಾನಪಟ್ಟಿಯಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುತ್ತಿದ್ದ ರೇಸುಗಳಿಗೆ ಬೆಂಗಳೂರಿನಿಂದಲೂ ಜನ ಹೋಗುತ್ತಿದ್ದರು. ಯೂರೋಪಿನಲ್ಲಿ ಕಾಲ ಮುಗಿದ ಏಕಾಸನ ಕಾರುಗಳನ್ನು ಅಲ್ಲಿ ಓಡಿಸಿದವರಲ್ಲಿ ಗೊಂಡಾಲ್ ಮಹಾರಾಜರಂಥವರಿದ್ದರು. 1980ರ ದಶಕದ ಆರಂಭದಲ್ಲಿ ವಿಜಯ ಮಲ್ಯ ಎನ್‌ಸೈನ್ ಫಾರ್ಮುಲಾ ಒನ್ ಕಾರನ್ನು ಅಲ್ಲಿಗೆ ತಂದು ಓಡಿಸಿದ್ದನ್ನು ಹಿರಿಯ ಅಭಿಮಾನಿಗಳು ಇಂದಿಗೂ ನೆನೆಯುತ್ತಾರೆ. ಆದರೆ ನಮ್ಮ ಪಾಲಿಗೆ ಆಮದು ಕಾರುಗಳಿಗಿಂತ ಮುಖ್ಯವಾದುದು ಕೊಯಮತ್ತೂರಿನಲ್ಲಿ ಎಸ್. ಕರಿವರ್ಧನ್ ಮಾಡಿದ ಕೆಲಸ. ಮಾರುತಿ 800ರ ಮೂರು ಸಿಲಿಂಡರಿನ ಎಂಜಿನ್ನನ್ನು ಚಾಲಕನ ಬೆನ್ನ ಹಿಂದಿಟ್ಟು ಅವರು ರೂಪಿಸಿದ ಫಾರ್ಮುಲಾ ಮಾರುತಿ, ನಮ್ಮ ಫಾರ್ಮುಲಾ ಫೋರ್ಡ್ ಎನ್ನಬಹುದು. 2005ರಲ್ಲಿ ಫಾರ್ಮುಲಾ ಒನ್ ಪ್ರವೇಶಿಸಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ರೇಸಿಂಗ್ ಕಲಿತದ್ದು ಅದರಲ್ಲಿ. ಇಂದು ಗುಡ್‌ವುಡ್‌ನಂಥ ಕಡೆ ಹಳೆಯ ಕಾರುಗಳನ್ನು ಓಡಿಸುತ್ತಿರುವ ಕರುಣ್ ಚಾಂದೋಕ್ ಕೂಡ ಅಲ್ಲಿಂದಲೇ ಹೊರಟವರು. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಟ್ರ್ಯಾಕಿಗೆ ಅವರ ಹೆಸರಿದೆ.

ನಮ್ಮ ಕಾನೂನು ಈ ಕಾರುಗಳನ್ನು ಕಂಡೇ ಇಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ನಿಯಮದಂತೆ 50 ವರ್ಷ ಮೀರಿದ ವಾಹನಗಳಿಗೆ 'ವಿಎ' ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿ ಸಿಗುತ್ತದೆ; ಶುಲ್ಕ 20 ಸಾವಿರ ರೂಪಾಯಿ. ಷರತ್ತೆಂದರೆ ಚಾಸಿ, ಹೊರಮೈ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಅಂಬಾಸಿಡರ್ ಕಾರಿಗೆ ಇದು ಸರಿ. ಬದಲಾಗುವುದೇ ಸ್ವಭಾವವಾದ, ರಸ್ತೆಗೆ ಎಂದೂ ನೋಂದಣಿಯಾಗದ ರೇಸ್ ಕಾರಿಗೆ ಈ ಬಾಗಿಲು ಮುಚ್ಚಿದಂತೆಯೇ. ರಸ್ತೆ ಕಾರುಗಳ ಮಟ್ಟಿಗೆ ನಮ್ಮಲ್ಲಿ ಅಭಿಮಾನ ಬೆಳೆದಿದೆ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ 'ಪಯಣ' ವಸ್ತುಸಂಗ್ರಹಾಲಯವೇ ಅದಕ್ಕೆ ಸಾಕ್ಷಿ. ಮೈಸೂರು ದಾರಿಯಲ್ಲಿ ಕಾರು ನಿಲ್ಲಿಸಿ ಮಕ್ಕಳಿಗೆ ಅದನ್ನು ತೋರಿಸುವವರು ಬಹಳ.

ಹಳೆಯ ಫಾರ್ಮುಲಾ ಮಾರುತಿ ಕಾರಿಗೆ ಇನ್ನೂ ಯಾರೂ ಹರಾಜು ಕೂಗಿಲ್ಲ. ಅದರ ಅದೃಷ್ಟವೂ ಅದೇ, ಅಪಾಯವೂ ಅದೇ. ಬೆಲೆಯಿಲ್ಲದ್ದರಿಂದ ಖೋಟಾ ಹುಟ್ಟಿಲ್ಲ. ಬೆಲೆಯಿಲ್ಲದ್ದರಿಂದಲೇ ಶೆಡ್ಡಿನ ಮೂಲೆಯಲ್ಲಿ ತುಕ್ಕು ಹಿಡಿದು, ಒಂದು ದಿನ ಕಿಲೋ ಲೆಕ್ಕದಲ್ಲಿ ತೂಕಕ್ಕೆ ಹೋಗಿಬಿಡಬಹುದು. ಯೂರೋಪಿನ ತಂಡಗಳು 1950ರ ದಶಕದಲ್ಲಿ ಬರೆದಿಡದೆ ಬಿಟ್ಟದ್ದನ್ನು ಈಗ ವಕೀಲರು ಹುಡುಕುತ್ತಿದ್ದಾರೆ. ನಮ್ಮಲ್ಲಿ ಕಾರು ಬೆಸೆದವರು, ಓಡಿಸಿದವರು ಎಷ್ಟೋ ಮಂದಿ ಮಾತಿಗೆ ಸಿಗುವಷ್ಟು ಹತ್ತಿರದಲ್ಲಿದ್ದಾರೆ. ಯಾವ ಚಾಸಿ ಯಾರ ಕೈಯಲ್ಲಿತ್ತು, ಯಾವ ಎಂಜಿನ್ ಯಾವಾಗ ಬದಲಾಯಿತು ಎಂಬ ನೋಂದಣಿ ಪುಸ್ತಕವೊಂದನ್ನು ರಾಷ್ಟ್ರೀಯ ಮೋಟಾರು ಕ್ರೀಡಾ ಒಕ್ಕೂಟ ಈಗಲೇ ಆರಂಭಿಸಬೇಕು. ಮದರಾಸಿನ ಬಳಿ 1990ರಿಂದ ಇರುವ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಸುತ್ತುಗಳು ನಡೆಯುವಾಗ, ಮಧ್ಯಾಹ್ನದ ಬಿಡುವಿನಲ್ಲಿ ಈ ಹಳೆಯ ಕಾರುಗಳಿಗೆ ಹತ್ತು ಸುತ್ತಿನ ಒಂದು ರೇಸು ಬಿಟ್ಟುಕೊಡುವುದು ಕಷ್ಟದ ಕೆಲಸವೇನಲ್ಲ.